ಇಬ್ಬರು ಸಾಕ್ಷಿ ಬೇಕು: ಹೊಸ ಪಕ್ಷದ ಗೆಳೆಯರಿಗೆ ಗೌರಿಬಿದನೂರಿನಿಂದ ಒಂದು ಬಹಿರಂಗ ಪತ್ರ

ಹೊಸ ಪಕ್ಷ ಕಟ್ಟಲು ಹೊರಟಿರುವ ಗೆಳೆಯರಿಗೆ ನಮಸ್ಕಾರ.

ಹೋದ ವಾರ ನೀವು ಮೂವರು ಗೌರಿಬಿದನೂರಿನ ನಮ್ಮ ಪ್ರೆಸ್ಸಿಗೆ ಬಂದಿದ್ದಿರಿ. ಎರಡು ಸಾವಿರ ಕರಪತ್ರ ಬೇಕು ಅಂದಿರಿ. ಒಂದೇ ಬಣ್ಣ, ಎರಡೂ ಮಗ್ಗುಲು. ಮ್ಯಾಟರನ್ನು ವಾಟ್ಸಾಪಿನಲ್ಲಿ ಫೋಟೋ ತೆಗೆದು ಕಳಿಸಿದಿರಿ. ನಮ್ಮ ಹುಡುಗ ಅದನ್ನು ನೋಡಿಕೊಂಡು ಟೈಪ್ ಮಾಡಿದ. ಮೊದಲ ಪ್ರೂಫಿನಲ್ಲೇ ಎಡವಟ್ಟಾಯಿತು. ‘ನಮ್ಮದು ಮಧ್ಯಮಾರ್ಗ’ ಅನ್ನುವ ತಲೆಬರಹ ‘ನಮ್ಮದು ಮದ್ಯಮಾರ್ಗ’ ಆಗಿತ್ತು. ಒಂದು ಮಹಾಪ್ರಾಣ ಬಿದ್ದುಹೋಗಿದ್ದಕ್ಕೆ ನಿಮ್ಮ ಪಕ್ಷ ಸೀದಾ ಬ್ರಾಂದಿ ಅಂಗಡಿ ದಾರಿ ಹಿಡಿದಿತ್ತು. ನೀವು ಯಾರೂ ನಗಲಿಲ್ಲ. ಮೊಮ್ಮಗಳ ಮದುವೆ ಕಾರ್ಡಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದ ಯಜಮಾನರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಹಂಗೇ ಇರಲಿ ಬಿಡಪ್ಪಾ, ವೋಟು ಜಾಸ್ತಿ ಬೀಳ್ತವೆ’ ಅಂದರು.

ನೀವು ಹೋದ ಮೇಲೆ ಆ ಪ್ರೂಫ್ ಹಾಳೆಗಳನ್ನು ಯಜಮಾನರೇ ಕೈಗೆ ತಗೊಂಡು ಪೂರ್ತಿ ಓದಿದರು. ಕನ್ನಡಕ ತೆಗೆದು, ‘ಮಧ್ಯ ಅಂದ್ರೆ ಎಲ್ಲಿ?’ ಅಂತ ಕೇಳಿದರು. ‘ಆ ಕಡೆಯವರಿಗೂ ಈ ಕಡೆಯವರಿಗೂ ನಡುವೆ’ ಅಂದೆ. ‘ಹಂಗಾದ್ರೆ ಬದು ಅನ್ನು’ ಅಂದರು. ‘ಎರಡು ಹೊಲದ ನಡುವಿನ ಬದು. ಉಳೋವಾಗ ಅವನೊಂದು ಸಾಲು ಕೆತ್ತಿಕೊಳ್ತಾನೆ, ಇವನೊಂದು ಸಾಲು ಕೆತ್ತಿಕೊಳ್ತಾನೆ. ಹತ್ತು ವರ್ಷ ಬಿಟ್ಟು ಹೋಗಿ ನೋಡು, ಕಾಲಿಡೋಕೂ ಜಾಗ ಇರಲ್ಲ.’

ಇದನ್ನು ನಿಮಗೆ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮಂಥವರು ಪ್ರತಿ ಚುನಾವಣೆಗೆ ಮುಂಚೆ ಬರುತ್ತೀರಿ. ಪಕ್ಷದ ಹೆಸರು ಬೇರೆ, ಮುಖ ಬೇರೆ, ಕರಪತ್ರ ಮಾತ್ರ ಹೆಚ್ಚುಕಮ್ಮಿ ಅದೇ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಪಕ್ಷದ ಹೆಸರು ಹಾಕಲ್ಲ, ಬೇಜಾರು ಬೇಡ.

ನನ್ನ ಬಗ್ಗೆ ಎರಡು ಮಾತು. ಅಚ್ಚುಮೊಳೆ ಜೋಡಿಸುವ ಕಾಲದಿಂದ ಈ ಕೆಲಸದಲ್ಲಿದ್ದೇನೆ. ಎಲ್ಲ ಪಕ್ಷದವರಿಗೂ ಅಚ್ಚು ಹಾಕಿಕೊಟ್ಟಿದ್ದೇನೆ. ಗೆದ್ದವರು ಬಾಕಿ ಉಳಿಸಿಕೊಳ್ಳುತ್ತಾರೆ, ಸೋತವರು ಫೋನ್ ಎತ್ತಲ್ಲ. ಹಾಗಾಗಿ ನನಗೆ ಯಾವ ಪಕ್ಷದ ಮೇಲೂ ವಿಶೇಷ ಮೋಹ ಇಲ್ಲ. ನಿಮ್ಮ ಮೇಲೂ ಇಲ್ಲ. ಆದರೆ ನೀವು ಬೇಕು ಅಂತ ಅನಿಸುತ್ತದೆ.

ನಿಮ್ಮ ಕರಪತ್ರ ನಮ್ಮ ತಾಲ್ಲೂಕಿನ ವಿದುರಾಶ್ವತ್ಥದಿಂದ ಶುರುವಾಗುತ್ತದೆ. 1938ರ ಏಪ್ರಿಲ್ 25, ಧ್ವಜ ಸತ್ಯಾಗ್ರಹ, ಗುಂಡೇಟು, ಹುತಾತ್ಮರು. ಸರಿ. ಆದರೆ ಇಲ್ಲಿ ಎಲ್ಲ ಪಕ್ಷದ ಕರಪತ್ರವೂ ಅಲ್ಲಿಂದಲೇ ಶುರುವಾಗೋದು. ಆ ಪ್ಯಾರಾವನ್ನು ನಾವು ಕಂಪ್ಯೂಟರಿನಲ್ಲಿ ಸೇವ್ ಮಾಡಿಟ್ಟುಕೊಂಡಿದ್ದೇವೆ, ಟೈಪ್ ಮಾಡುವ ಕೆಲಸ ಉಳಿಯಲಿ ಅಂತ. ಎರಡನೇ ಪ್ಯಾರಾದಲ್ಲಿ ನೀವು ಹೇಳಿರುವ ಮಾತು ನೋಡಿ: ಜನ ಎರಡು ದೊಡ್ಡ ಪಕ್ಷಗಳಿಂದ ಬೇಸತ್ತಿದ್ದಾರೆ, ಆದರೆ ಅವನ್ನು ಬಿಟ್ಟು ಬರೋಕೆ ಧೈರ್ಯ ಇಲ್ಲ. ಬೇರೆ ಕಡೆ ಇರಬಹುದೇನೋ. ನಮ್ಮ ಕಡೆ ಮಾತ್ರ ಇದು ಸುಳ್ಳು.

2023ರಲ್ಲಿ ಗೌರಿಬಿದನೂರಿನಲ್ಲಿ ಗೆದ್ದವರು ಪಕ್ಷೇತರರಾದ ಪುಟ್ಟಸ್ವಾಮಿಗೌಡರು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಐದು ಕ್ಷೇತ್ರಗಳಲ್ಲಿ ಆ ಸಲ ಮೂರು ಕಾಂಗ್ರೆಸ್ಸಿಗೆ, ಒಂದು ಜೆಡಿಎಸ್‌ಗೆ, ಒಂದು ಪಕ್ಷೇತರರಿಗೆ. ಬಿಜೆಪಿಗೆ ಸೊನ್ನೆ. ಮರುವರ್ಷವೇ ಚಿಕ್ಕಬಳ್ಳಾಪುರದಿಂದ ಲೋಕಸಭೆಗೆ ಗೆದ್ದುಹೋದವರು ಬಿಜೆಪಿಯ ಸುಧಾಕರ್. ಬಾಗೇಪಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. 1994ರಲ್ಲಿ, 2004ರಲ್ಲಿ ಕಮ್ಯುನಿಸ್ಟ್ ಶ್ರೀರಾಮರೆಡ್ಡಿಯವರನ್ನು ಗೆಲ್ಲಿಸಿತು. 2013ರಲ್ಲಿ ಪಕ್ಷೇತರ ಸುಬ್ಬಾರೆಡ್ಡಿ. ಪಕ್ಕದ ಕೋಲಾರ ಜಿಲ್ಲೆಗೆ ಬನ್ನಿ. ಕೋಲಾರದಲ್ಲಿ 2008 ಮತ್ತು 2013, ಎರಡು ಸಲವೂ ಪಕ್ಷೇತರ ವರ್ತೂರು ಪ್ರಕಾಶ್. ಮುಳಬಾಗಿಲಿನಲ್ಲಿ 2013ರಲ್ಲಿ ಕೊತ್ತೂರು ಮಂಜುನಾಥ್, 2018ರಲ್ಲಿ ನಾಗೇಶ್, ಇಬ್ಬರೂ ಪಕ್ಷೇತರರೇ. ಕೆಜಿಎಫ್ ಅಂತೂ ಕಮ್ಯುನಿಸ್ಟರನ್ನು, ರಿಪಬ್ಲಿಕನ್ ಪಕ್ಷವನ್ನು, ಅಣ್ಣಾ ಡಿಎಂಕೆಯನ್ನೂ ಗೆಲ್ಲಿಸಿದ ಊರು.

ಇವರಿಗೆ ಧೈರ್ಯ ಇಲ್ಲ ಅಂತೀರಾ?

ಇಲ್ಲಿ ಇನ್ನೊಂದು ವಿಷಯ ಇದೆ, ಅಚ್ಚು ಹಾಕುವವರಿಗೆ ಮಾತ್ರ ಚೆನ್ನಾಗಿ ಗೊತ್ತಿರುವಂಥದ್ದು. ಪಕ್ಷೇತರನಿಗೆ ಚಿಹ್ನೆ ಸಿಗೋದು ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಮೇಲೆ. ಅಲ್ಲಿಂದ ಮತದಾನಕ್ಕೆ ಇರೋದು ಎರಡು ವಾರ ಚಿಲ್ಲರೆ ಅಷ್ಟೇ. ಅವತ್ತು ಸಾಯಂಕಾಲ ಚಿಹ್ನೆ ಗೊತ್ತಾಗುತ್ತಿದ್ದ ಹಾಗೆ ನಮ್ಮ ಪ್ರೆಸ್ಸಿನ ಮುಂದೆ ಬೈಕುಗಳು ನಿಲ್ಲುತ್ತವೆ. ರಾತ್ರಿ ಎರಡು ಗಂಟೆಗೂ ಮಿಷನ್ ಓಡುತ್ತಿರುತ್ತದೆ. ಮಸಿ ಆರುವುದಕ್ಕೂ ಬಿಡದೆ ಕಟ್ಟು ಕಟ್ಟಿ ಎತ್ತಿಕೊಂಡು ಹೋಗುತ್ತಾರೆ. ಮೂರನೇ ದಿನಕ್ಕೆ ಓದು ಬಾರದ ಅಜ್ಜಿಗೂ ಆ ಚಿಹ್ನೆ ಬಾಯಿಪಾಠ. ಯಂತ್ರದಲ್ಲಿ ಅವರ ಹೆಸರು ಕೆಳಗಡೆ ಎಲ್ಲೋ ಇರುತ್ತದೆ, ಮಾನ್ಯತೆ ಪಡೆದ ಪಕ್ಷಗಳು, ಮಾನ್ಯತೆ ಇಲ್ಲದ ಪಕ್ಷಗಳು ಎಲ್ಲ ಮುಗಿದ ಮೇಲೆ. ಆದರೂ ಹುಡುಕಿ ಒತ್ತುತ್ತಾರೆ.

ಅದೇ 2023ರಲ್ಲಿ ಆಮ್ ಆದ್ಮಿ ಪಕ್ಷ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಕಡೆ ಅಭ್ಯರ್ಥಿ ಹಾಕಿತ್ತು. ಪೊರಕೆ ಗೊತ್ತಿಲ್ಲದವರು ಯಾರಿದ್ದಾರೆ? ದೆಹಲಿ ಗೆದ್ದಿದ್ದು ಗೊತ್ತು, ಪಂಜಾಬ್ ಗೆದ್ದಿದ್ದು ಗೊತ್ತು. ರಾಜ್ಯದಲ್ಲಿ ಬಿದ್ದ ವೋಟು ನೋಟಾಗಿಂತ ಕಮ್ಮಿ. ಎಲ್ಲರಿಗೂ ಗೊತ್ತಿರುವ ಚಿಹ್ನೆ ಸೋಲುತ್ತದೆ, ಎರಡು ವಾರದ ಹಿಂದೆ ಹುಟ್ಟಿದ ಚಿಹ್ನೆ ಗೆಲ್ಲುತ್ತದೆ. ನಿಮ್ಮ ಕರಪತ್ರದ ಕೊನೆಯಲ್ಲಿ ‘ಎಲ್ಲ 224 ಕ್ಷೇತ್ರಗಳಲ್ಲೂ ಸ್ಪರ್ಧೆ’ ಅಂತ ದಪ್ಪಕ್ಷರದಲ್ಲಿ ಹಾಕಿಸಿದ್ದೀರಲ್ಲ, ಆ ಸಾಲನ್ನು ತೆಗೆಸಿಬಿಡಿ. ಖರ್ಚಿಲ್ಲದೆ ತೆಗೆದುಕೊಡುತ್ತೇನೆ.

ಹಾಗಾದರೆ ಪಕ್ಷೇತರರೇ ಸಾಕಲ್ವಾ, ಮೂರನೇ ಪಕ್ಷ ಯಾಕೆ ಅಂತ ನೀವು ಕೇಳಬಹುದು. ಸಾಲದು. ಪಕ್ಷೇತರ ಅಂದರೆ ಒಬ್ಬ ಮನುಷ್ಯ. ಆಸ್ಪತ್ರೆಗೆ ಸೇರಿಸೋಕೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಎತ್ತುತ್ತಾನೆ, ಮದುವೆಗೆ ಬರುತ್ತಾನೆ, ಸಾವಿಗೂ ಬರುತ್ತಾನೆ. ಅದಕ್ಕೇ ಗೆಲ್ಲುತ್ತಾನೆ. ಗೆದ್ದ ಮೇಲೆ ಯಾರು ಆಳುತ್ತಾರೋ ಅವರ ಹತ್ತಿರ ಹೋಗದೆ ಅವನಿಗೆ ಗತಿ ಇಲ್ಲ. ಊರಿನ ಕೆಲಸ ಆಗಬೇಕಲ್ಲ! ಮುಳಬಾಗಿಲಿನ ನಾಗೇಶ್ ಅವರು 2019ರ ಜೂನಿನಲ್ಲಿ ಕುಮಾರಸ್ವಾಮಿ ಸರ್ಕಾರದಲ್ಲಿ ಮಂತ್ರಿಯಾದರು. ಜುಲೈನಲ್ಲಿ ಬೆಂಬಲ ವಾಪಸ್ ಪಡೆದರು. ಆಮೇಲೆ ಯಡಿಯೂರಪ್ಪನವರ ಸರ್ಕಾರದಲ್ಲಿ ಮತ್ತೆ ಮಂತ್ರಿ. ಅವರನ್ನು ಬೈಯೋದಕ್ಕೆ ಹೇಳುತ್ತಿಲ್ಲ. ಒಂಟಿ ಮನುಷ್ಯನ ಹಣೆಬರಹವೇ ಅಷ್ಟು.

ವರ್ತೂರು ಪ್ರಕಾಶರ ಕತೆ ನಿಮಗೆ ಇನ್ನೂ ಹತ್ತಿರದ್ದು. ಪಕ್ಷೇತರರಾಗಿ ಎರಡು ಸಲ ಗೆದ್ದವರು. ಆಮೇಲೆ ‘ನಮ್ಮ ಕಾಂಗ್ರೆಸ್’ ಅಂತ ತಮ್ಮದೇ ಪಕ್ಷ ಕಟ್ಟಿಕೊಂಡು 2018ರಲ್ಲಿ ನಿಂತರು, ಸೋತರು. ಅದೇ ಮನುಷ್ಯ, ಅದೇ ಊರು. ಪಕ್ಷ ಇಲ್ಲದೆ ಗೆದ್ದವರು ಪಕ್ಷ ಕಟ್ಟಿ ಸೋತರು. ಪಕ್ಷ ಅಂದಮೇಲೆ ಜನ ಬೇರೆ ಪ್ರಶ್ನೆ ಕೇಳೋಕೆ ಶುರು ಮಾಡುತ್ತಾರೆ. ಒಬ್ಬ ಮನುಷ್ಯನಿಗೆ ‘ನಮಗೆ ಸಿಗ್ತೀಯಾ?’ ಅಂತ ಕೇಳಿದರೆ ಸಾಕು. ಪಕ್ಷಕ್ಕೆ ‘ನಾಳೆ ಇರ್ತೀಯಾ?’ ಅಂತ ಕೇಳಬೇಕಾಗುತ್ತದೆ.

ಆ ಪ್ರಶ್ನೆ ಕೇಳೋಕೆ ಜನರಿಗೆ ಕಾರಣ ಇದೆ. ಯಡಿಯೂರಪ್ಪನವರ ಕೆಜೆಪಿ 2013ರಲ್ಲಿ ಆರು ಸೀಟು ಗೆದ್ದು ಮರುವರ್ಷ ಬಿಜೆಪಿಯೊಳಗೆ ಹೋಯಿತು. ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ಕೂಡ ಅದೇ ದಾರಿ. ಜನಾರ್ದನ ರೆಡ್ಡಿಯವರ ಪಕ್ಷಕ್ಕೆ 2023ರಲ್ಲಿ ಸಿಕ್ಕಿದ್ದು ಒಂದೇ ಸೀಟು, ಗಂಗಾವತಿ. 2024ರ ಮಾರ್ಚಿನಲ್ಲಿ ಅದೂ ಬಿಜೆಪಿಯಲ್ಲಿ ವಿಲೀನ. ಒಬ್ಬನೇ ಶಾಸಕ ಇರುವ ಪಕ್ಷ ಆ ಶಾಸಕನ ಜೇಬಿನಲ್ಲಿರುತ್ತದೆ. ಅವನು ಎದ್ದು ಹೋದರೆ ಅದೂ ಹೋಯಿತು.

ನಮ್ಮ ಅರ್ಧ ಊರು ತೆಲುಗು ಮಾತಾಡುತ್ತದೆ. ಆಂಧ್ರದ ಹಿಂದೂಪುರ ಪಕ್ಕದಲ್ಲೇ ಇದೆ. ಹಾಗಾಗಿ ಆ ಕಡೆಯ ಆಟವನ್ನೂ ನೋಡಿದ್ದೇವೆ. 1982ರ ಮಾರ್ಚಿನಲ್ಲಿ ಎನ್‌ಟಿಆರ್ ಪಕ್ಷ ಕಟ್ಟಿ 1983ರ ಜನವರಿಗೆ ಮುಖ್ಯಮಂತ್ರಿ ಆದಾಗ ಇಲ್ಲಿಯ ಟಾಕೀಸುಗಳಲ್ಲಿ ಹಬ್ಬ. ಅದನ್ನೇ ನೆನೆಸಿಕೊಂಡು 2008ರಲ್ಲಿ ಚಿರಂಜೀವಿ ಪ್ರಜಾರಾಜ್ಯಂ ಕಟ್ಟಿದರು. 2009ರಲ್ಲಿ 18 ಸೀಟು, 2011ರಲ್ಲಿ ಕಾಂಗ್ರೆಸ್ಸಿನಲ್ಲಿ ವಿಲೀನ. 2009ರ ಅದೇ ಚುನಾವಣೆಯಲ್ಲಿ ನಿಮ್ಮ ಹಾಗೆಯೇ ಮಾತಾಡುವ ಲೋಕಸತ್ತಾ ಪಕ್ಷವೂ ಇತ್ತು. ಐಎಎಸ್ ಬಿಟ್ಟು ಬಂದ ಜಯಪ್ರಕಾಶ್ ನಾರಾಯಣ್ ಒಳ್ಳೆಯವರು, ಓದಿದವರು, ಲೆಕ್ಕ ಬಲ್ಲವರು. ಕೂಕಟ್‌ಪಲ್ಲಿಯಲ್ಲಿ ಅವರೊಬ್ಬರೇ ಗೆದ್ದರು. ಹೈದರಾಬಾದಿನ ಹೊರಗೆ ಆ ಪಕ್ಷಕ್ಕೆ ನೆಲ ಸಿಗಲಿಲ್ಲ. ಅವರ ಭಾಷಣ ಕೇಳಿ ನಮ್ಮ ಕಡೆಯವರೂ ತಲೆದೂಗುತ್ತಿದ್ದರು. ತಲೆದೂಗೋದಕ್ಕೂ ವೋಟು ಹಾಕೋದಕ್ಕೂ ನಡುವೆ ಬಹಳ ದೂರ ಇದೆ ಸ್ವಾಮಿ.

ಈಗ ಯಜಮಾನರ ಬದುವಿಗೆ ಬರೋಣ.

ನಮ್ಮ ರಾಜ್ಯದಲ್ಲಿ ನಡುವಿನ ಜಾಗ ಖಾಲಿ ಇರಲಿಲ್ಲ. ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ 1983ರಲ್ಲಿ ಬಿಜೆಪಿ ಮತ್ತು ಎಡಪಕ್ಷ ಎರಡರ ಬೆಂಬಲದಿಂದಲೂ ಸರ್ಕಾರ ನಡೆಸಿತು. ಈಗ ಹೇಳಿದರೆ ಹುಡುಗರು ನಂಬಲ್ಲ. ಆ ಬಳಗ ಒಡೆದು ಒಡೆದು ಕೊನೆಗೆ ಉಳಿದ ದೊಡ್ಡ ತುಂಡು ಜೆಡಿಎಸ್. ಅದರ ಸೀಟು 2004ರಲ್ಲಿ 58, 2018ರಲ್ಲಿ 37, 2023ರಲ್ಲಿ 19. ಆ ವರ್ಷ ಸೆಪ್ಟೆಂಬರಿನಲ್ಲಿ ಬಿಜೆಪಿ ಕೂಟ ಸೇರಿತು. ಇಷ್ಟು ವರ್ಷ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಕೈ ಹಿಡಿಯಿತು. ಪ್ರತಿ ಸಲವೂ ಒಂದೊಂದು ಸಾಲು ಕೆತ್ತಿಸಿಕೊಂಡಿತು. ಬದು ಸವೆದದ್ದು ಹೀಗೆ.

ನೀವು ಅದೇ ಬದುವಿನ ಮೇಲೆ ನಿಲ್ಲೋಕೆ ಹೊರಟಿದ್ದೀರಿ. ಎಡವೂ ಅಲ್ಲ ಬಲವೂ ಅಲ್ಲ ಅಂತ ಬರೆದಿದ್ದೀರಿ. ಏನು ಅಲ್ಲ ಅನ್ನೋದು ಗೊತ್ತಾಯಿತು, ಏನು ಹೌದು ಅನ್ನೋದು ಕಾಣಲಿಲ್ಲ. ನೀರಿನ ಬಗ್ಗೆ ನಿಮ್ಮ ಕರಪತ್ರದಲ್ಲಿ ಇರುವುದು ಒಂದೇ ಸಾಲು: ‘ಸಮತೋಲಿತ ಜಲನೀತಿ’. ಬಾಗೇಪಲ್ಲಿ ಕಡೆ ಫ್ಲೋರೈಡ್ ನೀರು ಕುಡಿದು ಮಂಡಿ ಹಿಡಿದುಕೊಂಡವರ ಕೈಗೆ ಈ ಸಾಲು ಕೊಟ್ಟು ನೋಡಿ.

ಇಲ್ಲಿಯ ಪ್ರಶ್ನೆ ಬಹಳ ಸರಳ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೆಸಿ (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯಿಂದ ಕೋಲಾರದ ಕೆರೆಗಳಿಗೆ, ಎಚ್‌ಎನ್ (ಹೆಬ್ಬಾಳ-ನಾಗವಾರ) ವ್ಯಾಲಿಯಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಾರೆ. ಕೋಲಾರಕ್ಕೆ ನೀರು ಬಂದಿದ್ದು 2018ರಲ್ಲಿ. ಬತ್ತಿದ್ದ ಕೆರೆ ತುಂಬಿತು, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು, ರೈತರಿಗೆ ಖುಷಿಯಾಯಿತು. ಅದು ಸುಳ್ಳಲ್ಲ. ಮೂರನೇ ಹಂತವೂ ಶುದ್ಧ ಮಾಡಿ ಕೊಡಿ, ಅಂತರ್ಜಲ ಕೆಡುತ್ತದೆ ಅಂತ ಹೋರಾಟಗಾರರು ವರ್ಷಗಟ್ಟಲೆ ಕೂಗುತ್ತಿದ್ದಾರೆ. ಅದೂ ಸುಳ್ಳಲ್ಲ. ಅಧಿಕಾರದಲ್ಲಿ ಇರುವವರು ‘ನೀರು ಕೊಟ್ಟಿದ್ದೇ ನಾವು’ ಅಂತಾರೆ. ಇಲ್ಲದವರು ‘ವಿಷ ಕೊಟ್ಟರು’ ಅಂತಾರೆ. ಸರ್ಕಾರ ಬದಲಾದರೆ ಡೈಲಾಗೂ ಅದಲುಬದಲು. ನಡುವೆ ನಿಲ್ಲುವವರಿಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತದೆ? ನೀರು ಬೇಕು, ಮೂರನೇ ಹಂತವೂ ಬೇಕು, ಅದಕ್ಕೆ ಇಷ್ಟು ದುಡ್ಡಾಗುತ್ತದೆ, ಅದು ಇಲ್ಲಿಂದ ಬರುತ್ತದೆ ಅಂತ ಹೇಳಿ. ಕೆರೆ ನೀರನ್ನು ತಿಂಗಳಿಗೊಮ್ಮೆ ನೀವೇ ಪರೀಕ್ಷೆ ಮಾಡಿಸಿ. ಫಲಿತಾಂಶವನ್ನು ಹಾಲಿನ ಡೈರಿ ಮುಂದೆ ಅಂಟಿಸಿ. ಚೆನ್ನಾಗಿ ಬಂದರೂ ಅಂಟಿಸಿ, ಕೆಟ್ಟದಾಗಿ ಬಂದರೂ ಅಂಟಿಸಿ. ಅದನ್ನು ಅಚ್ಚು ಹಾಕಿಕೊಡೋದಕ್ಕೆ ನಾನು ಕಾಗದದ ದುಡ್ಡು ಮಾತ್ರ ತಗೊಳ್ತೇನೆ.

ಇನ್ನೊಂದು ಕೆಲಸ ಇದೆ, ಅದನ್ನೂ ಯಾರೂ ಮಾಡುತ್ತಿಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಗಿತ್ತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ಮೊದಲು ಬಿಜೆಪಿ ಸರ್ಕಾರ ಮುಂದಕ್ಕೆ ಹಾಕಿತು, ಆಮೇಲೆ ಬಂದ ಕಾಂಗ್ರೆಸ್ ಸರ್ಕಾರವೂ ಮುಂದಕ್ಕೆ ಹಾಕಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಕಾರಣಕ್ಕೇನು ಬರ. ಶಾಸಕರಿಗೆ ಇದರಿಂದ ಏನೂ ನಷ್ಟ ಇಲ್ಲ. ತಾಲ್ಲೂಕಿನಲ್ಲಿ ಇನ್ನೊಬ್ಬ ನಾಯಕ ಹುಟ್ಟಲ್ಲ ಅಷ್ಟೇ. (ನಷ್ಟ ಆಗಿದ್ದು ನಮ್ಮಂಥ ಪ್ರೆಸ್ಸಿನವರಿಗೆ, ಅದನ್ನು ಒಪ್ಪಿಕೊಳ್ಳುತ್ತೇನೆ.) ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ನಿಮ್ಮಂಥ ಸಣ್ಣ ಪಕ್ಷ ಚಿಹ್ನೆ ಹಿಡಿದು ಹಳ್ಳಿ ಹತ್ತಿರದಲ್ಲಿ ನಿಲ್ಲಬಹುದಾದ ಜಾಗ ಅಂದರೆ ತಾಲ್ಲೂಕು ಪಂಚಾಯಿತಿ. ಕೆಲವೇ ಹಳ್ಳಿ, ಕೆಲವೇ ಸಾವಿರ ವೋಟು, ನಡೆದೇ ಸುತ್ತಬಹುದು. ಆ ಬಾಗಿಲಿಗೆ ಬೀಗ ಹಾಕಿದ್ದಾರೆ. ನಿಮ್ಮ ಕರಪತ್ರದಲ್ಲಿ ಅದರ ಬಗ್ಗೆ ಒಂದು ಅಕ್ಷರ ಇಲ್ಲ. ವಿಧಾನಸೌಧದ ಚಿತ್ರ ಮಾತ್ರ ಇದೆ.

ನನ್ನ ಮಗಳು ಮೊನ್ನೆ ಇಂಗ್ಲೆಂಡಿನ ಲೆಕ್ಕ ಹೇಳಿದಳು. ಅಲ್ಲಿ ಲಿಬರಲ್ ಡೆಮಾಕ್ರಾಟ್ ಅಂತ ನಡುವಿನ ಪಕ್ಷ ಇದೆಯಂತೆ. ಅದರ ಹಿಂದಿನವರು 1983ರಲ್ಲಿ ಮೈತ್ರಿ ಮಾಡಿಕೊಂಡು ದೇಶದ ಕಾಲು ಭಾಗ ವೋಟು ತಗೊಂಡರು. 650ರಲ್ಲಿ ಬಂದಿದ್ದು 23 ಸೀಟು. 2024ರಲ್ಲಿ ಸುಮಾರು ಶೇ. 12 ವೋಟು, ಸೀಟು ಮಾತ್ರ 72. ವೋಟು ಅರ್ಧಕ್ಕಿಳಿಯಿತು, ಸೀಟು ಮೂರು ಪಟ್ಟಾಯಿತು. ಎಲ್ಲ ಕಡೆ ಚೆಲ್ಲದೆ ಆಯ್ದ ಕಡೆ ಬಿತ್ತಿದರು. ಅಲ್ಲಿಯದ್ದೂ ನಮ್ಮದೇ ಲೆಕ್ಕ, ಯಾರಿಗೆ ಹೆಚ್ಚು ವೋಟೋ ಅವರೇ ಗೆದ್ದಂತೆ. ನನಗೆ ಅದಕ್ಕಿಂತ ಇಷ್ಟವಾಗಿದ್ದು ಇನ್ನೊಂದು. ಆ ಪಕ್ಷದವರು ಬೆಳೆದಿದ್ದೇ ಬಡಾವಣೆಯ ಕರಪತ್ರದಿಂದ. ರಸ್ತೆ ಗುಂಡಿ, ಚರಂಡಿ, ಬೀದಿದೀಪ, ಇವನ್ನೇ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಚುನಾವಣೆ ಇಲ್ಲದ ಕಾಲದಲ್ಲೂ ಮನೆಮನೆಗೆ ಹಾಕುತ್ತಿದ್ದರಂತೆ. ಹೋದ ಸಲ ಏನು ಹೇಳಿದ್ದೆವು, ಈ ಸಲ ಏನಾಯಿತು ಅಂತ. ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಪ್ರೆಸ್ಸಿನವನಿಗೆ ಇದಕ್ಕಿಂತ ಸುಖ ಬೇಕಾ!

ನೀವು ಬಂದ ರೈಲನ್ನೇ ನೋಡಿ. ಬೆಳಗ್ಗೆ ನಮ್ಮೂರಿನ ಹುಡುಗರು, ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ಕಡೆ ಹೋಗುತ್ತಾರೆ. ನಿಲ್ಲೋಕೆ ಜಾಗ ಇರಲ್ಲ. ಅವರು ಹೋದ ಮೇಲೆ ನೀವು ಬೆಂಗಳೂರಿನಿಂದ ಖಾಲಿ ಬೋಗಿಯಲ್ಲಿ ಬಂದು ಇಳಿದಿರಿ. ಅವರು ಸಂಜೆ ವಾಪಸ್ ಬರುವ ಹೊತ್ತಿಗೆ ನೀವು ಹೊರಟಿದ್ದಿರಿ. ‘ಯುವಕರು ಎಲ್ಲೂ ಕಾಣಲಿಲ್ಲ’ ಅಂತ ನಿಮ್ಮಲ್ಲೊಬ್ಬರು ಟೀ ಕುಡಿಯುತ್ತಾ ಹೇಳಿದರು. ಪ್ಲಾಟ್‌ಫಾರಂ ಮೇಲೆ ಸಂಜೆ ಒಂದು ಗಂಟೆ ನಿಂತಿದ್ದರೆ ಕಾಣುತ್ತಿದ್ದರು.

ದುಡ್ಡಿನ ವಿಷಯಕ್ಕೆ ಹೆಚ್ಚು ಬರೆಯಲ್ಲ. ವಿಧಾನಸಭೆ ಅಭ್ಯರ್ಥಿಗೆ 40 ಲಕ್ಷದ ಮಿತಿ ಇದೆ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ನೀವು ಆ ಆಟ ಆಡೋಕೆ ಆಗಲ್ಲ. ಠೇವಣಿ ಹತ್ತು ಸಾವಿರ, ಬಿದ್ದ ವೋಟಿನ ಆರನೇ ಒಂದು ಭಾಗ ಸಿಗದಿದ್ದರೆ ಅದೂ ಹೋಯಿತು. 224 ಕಡೆ ಠೇವಣಿ ಕಳೆದುಕೊಳ್ಳುವ ದುಡ್ಡಿನಲ್ಲಿ ಒಂದು ತಾಲ್ಲೂಕಿನಲ್ಲಿ ಒಂದು ಸಣ್ಣ ಆಫೀಸನ್ನು ಬಹಳ ವರ್ಷ ನಡೆಸಬಹುದು. ಬಾಡಿಗೆ ಎಷ್ಟು ಅಂತ ನಾನೇ ವಿಚಾರಿಸಿಕೊಡುತ್ತೇನೆ.

ಕೊನೆಗೆ ಒಂದು ಹಳೇ ಘಟನೆ. ಹಿಂದೊಂದು ಚುನಾವಣೆಯಲ್ಲಿ ನಿಮ್ಮಂಥದ್ದೇ ಒಂದು ಪಕ್ಷದ ಹುಡುಗ ಬಂದಿದ್ದ. ಚೆನ್ನಾಗಿ ಓದಿದವನು, ಕೆಲಸ ಬಿಟ್ಟು ಬಂದವನು. ಚುನಾವಣೆ ಕರಪತ್ರ ಅಚ್ಚು ಹಾಕೋಕೆ ಒಂದು ಕಾನೂನು ಇದೆ, ಪ್ರಜಾಪ್ರತಿನಿಧಿ ಕಾಯ್ದೆಯ 127ಎ. ಕರಪತ್ರದ ಮೇಲೆ ಅಚ್ಚು ಹಾಕಿದವನ ಹೆಸರು, ಪ್ರಕಟಿಸಿದವನ ಹೆಸರು ಇರಬೇಕು. ಪ್ರಕಟಿಸುವವನು ಒಂದು ಘೋಷಣಾ ಪತ್ರ ಬರೆದು ಸಹಿ ಹಾಕಿಕೊಡಬೇಕು. ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅದಕ್ಕೇ ನಾನು ಇದರಲ್ಲಿ ಯಾರಿಗೂ ರಿಯಾಯಿತಿ ಕೊಡಲ್ಲ.

ಸಾಕ್ಷಿ ಕರೆದುಕೊಂಡು ಬಾ ಅಂದೆ. ಆ ಹುಡುಗ ಬೀದಿಗೆ ಇಳಿದ. ಟೀ ಅಂಗಡಿಯವನು, ‘ನಾನು ನಿನ್ನನ್ನು ಇವತ್ತೇ ನೋಡ್ತಿರೋದು, ಹೆಂಗಪ್ಪಾ ಸಹಿ ಹಾಕಲಿ?’ ಅಂದ. ಮೆಡಿಕಲ್ ಸ್ಟೋರಿನವರು ಕೈ ಮುಗಿದರು. ಹುಡುಗ ವಾಪಸ್ ಬಂದು ಬೆಂಚಿನ ಮೇಲೆ ಕೂತು ಬೆಂಗಳೂರಿಗೆ ಫೋನ್ ಮಾಡಿದ. ಸಂಜೆ ಬಸ್ಸಿಗೆ ಇಬ್ಬರು ಗೆಳೆಯರು ಬಂದು ಸಹಿ ಹಾಕಿ ಅದೇ ರಾತ್ರಿ ಹೊರಟುಹೋದರು. ವಿಧಾನಸಭೆಗೆ ನಿಲ್ಲುವ ಪಕ್ಷಕ್ಕೆ ಇಡೀ ಊರಿನಲ್ಲಿ ಗುರುತಿನವರು ಇಬ್ಬರು ಸಿಗಲಿಲ್ಲ. ಠೇವಣಿ ಹೋಯಿತು ಅಂತ ಬೇರೆ ಹೇಳಬೇಕಾಗಿಲ್ಲ. ಒಂದು ಕಟ್ಟು ಕರಪತ್ರ ಇನ್ನೂ ನಮ್ಮ ಅಟ್ಟದ ಮೇಲಿದೆ. ಪ್ರೂಫ್ ತೆಗೆಯೋಕೆ ಹಿಂಬದಿ ಖಾಲಿ ಹಾಳೆ ಬೇಕಾದಾಗ ಅದನ್ನೇ ಬಳಸುತ್ತೇವೆ. ನಿಮ್ಮ ‘ಮದ್ಯಮಾರ್ಗ’ ಮೊದಲು ಅಚ್ಚಾಗಿದ್ದೂ ಅಂಥದ್ದೊಂದರ ಬೆನ್ನ ಮೇಲೆಯೇ.

ಈಗ ಚುನಾವಣೆ ಇಲ್ಲ. ಹಾಗಾಗಿ ನಿಮ್ಮ ಹತ್ತಿರ ಘೋಷಣೆ ಕೇಳಲಿಲ್ಲ. ಎರಡನೇ ಪ್ರೂಫ್ ರೆಡಿ ಇದೆ, ಮಹಾಪ್ರಾಣ ನಾನೇ ಖುದ್ದು ನೋಡಿದ್ದೇನೆ. ಕಟ್ಟುಗಳನ್ನು ತಗೊಂಡು ಹೋಗೋಕೆ ಸಂಜೆ ಹೊತ್ತು ಬನ್ನಿ, ರೈಲು ಬರುವ ಸಮಯಕ್ಕೆ. ಚುನಾವಣೆ ಘೋಷಣೆ ಆದ ಮೇಲೆ ಮತ್ತೆ ಬರುವಾಗ ಇಬ್ಬರು ಸಾಕ್ಷಿಗಳು ಜೊತೆಗಿರಲಿ. ಈ ಊರಿನವರೇ ಆಗಿರಲಿ.

ಇಂತಿ,
ಗೌರಿಬಿದನೂರಿನ ಒಬ್ಬ ಪ್ರೆಸ್ಸಿನವ